ಇಂಗ್ಲೆಂಡಿನ ಚಳಿ, ನಮ್ಮ ಹಿತ್ತಲು

ಇಲ್ಲಿನ ಚಳಿಗಾಲದಲ್ಲಿ ಗಿಡಗಳು ಸಾಯುವುದು ಬರೀ ಚಳಿಗಲ್ಲ, ನೀರಿನ ಕಾಟಕ್ಕೆ. 2022ರ ಡಿಸೆಂಬರ್‌ನಲ್ಲಿ ಒಂದು ವಾರಕ್ಕೂ ಹೆಚ್ಚು ದಿನ ಹೆಪ್ಪುಗಟ್ಟಿಸುವ ಚಳಿ ಹಿಡಿಯಿತಲ್ಲ, ಆಗ ಇದು ನನಗೆ ಸರಿಯಾಗಿ ಕಂಡಿತು. ನವೆಂಬರ್ ಮಳೆಗೆ ನೆನೆದು ಜೌಗಾಗಿದ್ದ ಮೂಲೆಯ ರೋಸ್‌ಮೇರಿ ಸತ್ತುಹೋಯಿತು. ಜಲ್ಲಿ ಬೆರೆಸಿದ ಎತ್ತರದ ಪಾತಿಯಲ್ಲಿದ್ದದ್ದು ಬದುಕಿತು.

ಕುಂಡದ ಗಿಡಗಳ ಪಾಡು ಇನ್ನೂ ಕಷ್ಟ. ನೆಲದಲ್ಲಿರುವ ಬೇರಿಗೆ ಸುತ್ತಲಿನ ಮಣ್ಣೇ ಕಂಬಳಿ. ಕುಂಡದೊಳಗಿನ ಬೇರಿಗೆ ಎಲ್ಲ ಕಡೆಯಿಂದಲೂ ಚಳಿ ಹೊಡೆಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ನೀರು ಕುಡಿದ ಮಣ್ಣಿನ ಕುಂಡ ಬಿರಿಯುವುದೂ ಅದಕ್ಕೇ. ಹಾಗಾಗಿ ಅಕ್ಟೋಬರ್‌ನಲ್ಲೇ ಕೆಳಗಿನ ತಟ್ಟೆ ತೆಗೆದು, ಕುಂಡಗಳನ್ನು ಇಟ್ಟಿಗೆ ಚೂರುಗಳ ಮೇಲೆ ಇಟ್ಟು, ಮನೆಯ ಗೋಡೆಗೆ ಒತ್ತಾಗಿ ಸೇರಿಸುತ್ತೇನೆ. ಬಬಲ್‌ ರ‍್ಯಾಪ್ ಸುತ್ತುವುದು ಕುಂಡಕ್ಕೆ, ಗಿಡಕ್ಕಲ್ಲ. ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಎಲೆ ಕೊಳೆಯುತ್ತದೆ. ತೋಟದ ಗಿಡಗಳಿಗೆಂದೇ ಸಿಗುವ ತೆಳ್ಳನೆಯ ಫ್ಲೀಸ್ ಬಟ್ಟೆ ಸಾಕು, ಬಿಸಿಲು ಬಂದಾಗ ಅದನ್ನೂ ತೆಗೆದಿಡಬೇಕು.

ಕರಿಬೇವನ್ನು ಹೊರಗೆ ಬಿಡುವ ಮಾತೇ ಇಲ್ಲ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ದಕ್ಷಿಣದ ಕಿಟಕಿ ಬಳಿಗೆ ಬರುತ್ತದೆ, ಕೋಣೆ ಬಿಸಿ ಮಾಡುವ ರೇಡಿಯೇಟರ್‌ನಿಂದ ದೂರಕ್ಕೆ. ಅಲ್ಲಿ ಅದು ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಸುರಿಯಬೇಡಿ. ಮಣ್ಣಿನ ಮೇಲ್ಪದರ ಒಣಗಿದ ಮೇಲೆ ಸ್ವಲ್ಪ ಹಾಕಿದರೆ ಆಯಿತು.

ಹಕ್ಕಿಗಳ ಕಷ್ಟ ಉಲ್ಟಾ. ನೀರೆಲ್ಲ ಗಡ್ಡೆಯಾದರೆ ಕುಡಿಯಲು ಹನಿ ಸಿಗುವುದಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಅಗಲವಾದ ತಟ್ಟೆಯ ಗಡ್ಡೆ ಬಡಿದು ಹಾಕಿ ಹೊಸ ನೀರು ತುಂಬುತ್ತೇನೆ. ಸಣ್ಣ ಚೆಂಡು ತೇಲಿಬಿಟ್ಟರೆ ಗಾಳಿಗೆ ಅಲ್ಲಾಡಿ ತೆಳು ಪದರ ಕಟ್ಟುವುದು ತಡವಾಗುತ್ತದೆ, ಜೋರು ಚಳಿಯಲ್ಲಿ ಮಾತ್ರ ಅದೂ ಸೋಲುತ್ತದೆ. ನೀರಿಗೆ ಉಪ್ಪು ಹಾಕಲೇಬಾರದು.

ಡಿಸೆಂಬರ್‌ನಲ್ಲಿ ಹಗಲು ಸುಮಾರು 8 ತಾಸು ಅಷ್ಟೇ. ಹತ್ತು ಗ್ರಾಂ ತೂಗುವ ರೆನ್ ಹಕ್ಕಿ ಅಷ್ಟರಲ್ಲೇ 16 ತಾಸಿನ ರಾತ್ರಿಗೆ ಬೇಕಾದಷ್ಟು ತಿಂದುಕೊಳ್ಳಬೇಕು. ನಮ್ಮದು ಸಸ್ಯಾಹಾರದ ಮನೆ, ಆದರೂ ಹಕ್ಕಿಗೆಂದು ಕೊಬ್ಬಿನುಂಡೆ ತರುತ್ತೇನೆ. ಅದರ ಪ್ಲಾಸ್ಟಿಕ್ ಬಲೆ ಕಿತ್ತು ಎಸೆಯಿರಿ, ಇಲ್ಲದಿದ್ದರೆ ಹಕ್ಕಿಯ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದ ಅನ್ನವನ್ನೂ ಹಾಕಬಹುದು, ಉಪ್ಪಿಲ್ಲದ್ದು. ಚಿತ್ರಾನ್ನ ಬೇಡ. ಹಕ್ಕಿಗೆ ಕಾಳು ಹಾಕಿಡುವ ಡಬ್ಬಿಯನ್ನು ಆಗಾಗ ತೊಳೆಯದಿದ್ದರೆ ರೋಗ ಹರಡುತ್ತದೆ.

ಸಣ್ಣ ಕೊಳವಿದ್ದರೆ ಅದರ ಗಡ್ಡೆ ಒಡೆಯಲು ಸುತ್ತಿಗೆ ಮುಟ್ಟಬೇಡಿ, ಆ ಪೆಟ್ಟು ಒಳಗಿನ ಮೀನಿಗೆ ತಗಲುತ್ತದೆ. ಬಿಸಿನೀರಿನ ಪಾತ್ರೆಯನ್ನು ಗಡ್ಡೆಯ ಮೇಲೆ ಇಟ್ಟು ತೂತು ಕರಗಿಸಿ. ತಳದಲ್ಲಿ ಕೊಳೆಯುವ ಎಲೆಗಳ ಅನಿಲ ಹೊರಹೋಗಲು ದಾರಿ ಬೇಕಲ್ವಾ?

ಒಣಗಿದ ಕಾಂಡಗಳನ್ನು ನಾನು ಮಾರ್ಚ್‌ವರೆಗೆ ಕತ್ತರಿಸುವುದಿಲ್ಲ, ಅವುಗಳ ಸಂದಿಯಲ್ಲಿ ಲೇಡಿಬಗ್‌ಗಳು ಚಳಿಗಾಲ ಕಳೆಯುತ್ತವೆ. ಮೂಲೆಯ ಎಲೆರಾಶಿಗೂ ಕೈ ಹಾಕುವುದಿಲ್ಲ. ಅದರಡಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿ ಚಳಿಗಾಲದ ನಿದ್ದೆಯಲ್ಲಿ ಮಲಗಿರಬಹುದು. ಬೆಚ್ಚನೆಯ ದಿನ ಎದ್ದು ಬಂದರೆ ಪಾಪ ಅಂತ ಹಾಲಿಡಬೇಡಿ, ಅದಕ್ಕೆ ಹೊಟ್ಟೆ ಕೆಡುತ್ತದೆ. ನೀರೇ ಸಾಕು.