ಎರಡು ಕ್ರಿಯಾಪದಕ್ಕೆ ಒಂದೇ ಕೊಂಡಿ
ಇಂಗ್ಲಿಷ್ ವಾಕ್ಯ ಬರೆದ ಮೇಲೆ ಅದರಲ್ಲಿ ಕಾಲ ಸೂಚಿಸುವ ಕ್ರಿಯಾಪದಗಳು ಎಷ್ಟಿವೆ ಎಂದು ಎಣಿಸಿ. ಅವುಗಳನ್ನು ಜೋಡಿಸುವ ಪದಗಳು, ಅಂದರೆ ಕೊಂಡಿಗಳು, ಅದಕ್ಕಿಂತ ಒಂದು ಕಡಿಮೆ ಇರಬೇಕು. 'ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವೀ ವೆಂಟ್ ಔಟ್' ಎಂಬುದರಲ್ಲಿ ಕ್ರಿಯಾಪದ ಎರಡು ('ವಾಸ್ ರೇನಿಂಗ್' ಸೇರಿ ಒಂದೇ ಲೆಕ್ಕ), ಕೊಂಡಿಯೂ ಎರಡು. ಹಾಗಾಗಿ 'ಆಲ್ದೋ' ಅಥವಾ 'ಬಟ್' ಯಾವುದಾದರೂ ಒಂದನ್ನು ಹೊಡೆದುಹಾಕಿ. 'ಬಿಕಾಸ್' ಇದ್ದಲ್ಲಿ 'ಸೋ' ಬೇಡ, 'ಇಫ್' ಇದ್ದಲ್ಲಿ 'ಅಂಡ್' ಬೇಡ. ಕನ್ನಡದಲ್ಲಿ 'ಒಂದು ವೇಳೆ ಬಂದರೆ' ಎಂದು ಎರಡು ಕಡೆ ಗುರುತು ಹಾಕುವುದು ಸಹಜ, ಆ ರೂಢಿಯೇ ಇಂಗ್ಲಿಷಿಗೂ ನುಸುಳುತ್ತದೆ. ಇಂಗ್ಲಿಷಿನಲ್ಲಿ ಸಂಬಂಧ ಹೇಳುವ ಕೆಲಸ ಒಂದೇ ಪದದ್ದು. ಎರಡು ಕ್ರಿಯಾಪದವಿದ್ದು ಕೊಂಡಿಯ ಲೆಕ್ಕ ಸೊನ್ನೆ ಬಂದು ನಡುವೆ ಬರೀ ಅಲ್ಪವಿರಾಮವಿದ್ದರೂ ತಪ್ಪೇ: ಅಲ್ಪವಿರಾಮಕ್ಕೆ ಎರಡು ಪೂರ್ಣ ವಾಕ್ಯಗಳನ್ನು ಹಿಡಿದಿಡುವ ಶಕ್ತಿ ಇಲ್ಲ. 'ಹೌಎವರ್' ಅನ್ನು ಕೊಂಡಿಯೆಂದು ಎಣಿಸಬೇಡಿ, ಎರಡು ವಾಕ್ಯಗಳ ನಡುವೆ ಅದು ಬಂದರೆ ಅದಕ್ಕೆ ಮೊದಲು ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಬಹಳ ಜನ ಎಡವುವುದು ಇಲ್ಲೇ. ಈ ಲೆಕ್ಕ ಕೈಕೊಡುವ ಜಾಗಗಳೂ ಇವೆ. 'ಐದರ್–ಆರ್', 'ನಾಟ್ ಓನ್ಲಿ–ಬಟ್ ಆಲ್ಸೋ' ಜೋಡಿಯಾಗಿಯೇ ಬರುತ್ತವೆ, ಜೋಡಿಯನ್ನು ಒಂದೆಂದು ಎಣಿಸಿ. 'ಹೂ', 'ವಿಚ್' ಕೂಡ ಕೊಂಡಿಗಳೇ. 'ಐ ನೋ ಹೀ ಕೇಮ್' ಎಂಬಲ್ಲಿ 'ದಟ್' ಮರೆಯಲ್ಲಿದೆ, ವಾಕ್ಯ ಸರಿಯೇ. 'ಆಲ್ದೋ' ಜೊತೆ 'ಸ್ಟಿಲ್' ಬಂದರೆ ಅಳಿಸಬೇಡಿ, ಅದು ಬರೀ ಒತ್ತು ಕೊಡುವ ಪದ.