ದಿನವಿಡೀ ಓಡಾಟವೇ? ದೇವರ ಜೊತೆಗಿನ ಸಮಯವನ್ನು ಹೀಗೆ ಉಳಿಸಿಕೊಳ್ಳಿ

ಚರ್ಚಿನ ಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ಓಡಾಡುವವರನ್ನೇ ಕೇಳಿ ನೋಡಿ. ಭಾನುವಾರ ಹಾಡಿನ ತಂಡ, ಆಮೇಲೆ ಸಂಡೇ ಸ್ಕೂಲ್, ಸಂಜೆ ಕಮಿಟಿ ಮೀಟಿಂಗ್, ವಾರದ ನಡುವೆ ಯಾರದೋ ಮನೆಯಲ್ಲಿ ಪ್ರಾರ್ಥನಾ ಕೂಟ. ‘ನೀವೊಬ್ಬರೇ ಕೂತು ಪ್ರಾರ್ಥಿಸಿದ್ದು ಯಾವಾಗ?’ ಎಂದರೆ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮಾರ್ಥಳ ಪಾಡೂ ಇದೇ. ಅವಳು ಮಾಡುತ್ತಿದ್ದದ್ದು ಕೆಟ್ಟ ಕೆಲಸವಲ್ಲ. ಮನೆಗೆ ಬಂದ ಯೇಸುವಿಗೇ ಉಪಚಾರ ಮಾಡುತ್ತಿದ್ದಳು. ಆದರೂ ಯೇಸು ಮೆಚ್ಚಿದ್ದು ಪಾದದ ಬಳಿ ಕೂತು ಮಾತು ಕೇಳುತ್ತಿದ್ದ ಅವಳ ಸಹೋದರಿ ಮರಿಯಳನ್ನು. ಹಾಗಾಗಿ ಸಭೆಯ ಕೆಲಸವನ್ನು ದೇವರ ಜೊತೆಗಿನ ಸಮಯದ ಲೆಕ್ಕಕ್ಕೆ ಸೇರಿಸಬೇಡಿ. ಎರಡೂ ಬೇಕು, ಆದರೆ ಲೆಕ್ಕ ಬೇರೆ ಬೇರೆ.

1. ದಿನದ ಒಂದು ಕೆಲಸಕ್ಕೆ ಗಂಟು ಹಾಕಿ

‘ನಾಳೆಯಿಂದ ಐದು ಗಂಟೆಗೆ ಏಳುತ್ತೇನೆ’ ಎಂಬ ತೀರ್ಮಾನ ಹೆಚ್ಚು ದಿನ ಬಾಳುವುದಿಲ್ಲ. ಅದರ ಬದಲು, ನೀವು ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸವನ್ನು ಹಿಡಿಯಿರಿ. ಹಲ್ಲುಜ್ಜಿದ ಮೇಲೆ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮುಂಚೆ, ಯಾವುದಾದರೂ ಸರಿ. ಆ ಕೆಲಸ ಮುಗಿದ ಕೂಡಲೇ ಕೂತುಬಿಡಿ. ಶುರುವಿಗೆ ಹದಿನೈದು ನಿಮಿಷ ಸಾಕು.

ಬೆಳಗ್ಗೆಯೇ ಆಗಬೇಕು ಎಂಬ ನಿಯಮ ಬೈಬಲ್‌ನಲ್ಲಿಲ್ಲ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಏಕಾಂತ ಸ್ಥಳಕ್ಕೆ ಹೋದರು ಎಂದು ಮಾರ್ಕ 1:35 ಹೇಳುತ್ತದೆ, ನಿಜ. ಆದರೆ ಲೂಕ 6:12ರಲ್ಲಿ ಅವರು ರಾತ್ರಿಯೆಲ್ಲಾ ಬೆಟ್ಟದ ಮೇಲೆ ಪ್ರಾರ್ಥಿಸುತ್ತಾರೆ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. 63ನೇ ಕೀರ್ತನೆಯನ್ನು ಬರೆದವನು ಹಾಸಿಗೆಯ ಮೇಲೆಯೇ ದೇವರನ್ನು ನೆನೆಯುತ್ತಾನೆ. ನಿದ್ದೆಗಣ್ಣಲ್ಲಿ ತೂಕಡಿಸುತ್ತಾ ಕೂರುವುದಕ್ಕಿಂತ, ಮಧ್ಯಾಹ್ನ ಎಚ್ಚರವಾಗಿರುವ ಹದಿನೈದು ನಿಮಿಷವೇ ಮೇಲು.

2. ಜಾಗ ಗೊತ್ತು ಮಾಡಿ, ಫೋನನ್ನು ಆಚೆ ಇಡಿ

ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದು ಯೇಸು ಹೇಳಿದರು (ಮತ್ತಾಯ 6:6). ಪ್ರತ್ಯೇಕ ಕೋಣೆ ಎಲ್ಲರಿಗೂ ಎಲ್ಲಿರುತ್ತದೆ? ಮೆಥಡಿಸ್ಟ್ ಪಂಗಡಕ್ಕೆ ಕಾರಣರಾದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ ಸುಸಾನಾ 19 ಮಕ್ಕಳನ್ನು ಹೆತ್ತವರು. ಅವರು ಏಪ್ರನ್ ಅನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದರು, ಆಗ ಅಮ್ಮನನ್ನು ಮಾತಾಡಿಸಬಾರದು ಎಂದು ಮಕ್ಕಳಿಗೆ ಗೊತ್ತಿತ್ತು ಎಂದು ಹೇಳುತ್ತಾರೆ. ಒಂದು ಕುರ್ಚಿ, ಕಿಟಕಿಯ ಪಕ್ಕ, ನಿಲ್ಲಿಸಿದ ಕಾರು, ಎಲ್ಲಾದರೂ ಆದೀತು. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ. ಪುಟ್ಟ ಮಕ್ಕಳಿದ್ದರೆ ಗಂಡ ಹೆಂಡತಿ ಸರದಿ ಮಾಡಿಕೊಳ್ಳಬೇಕು. ಒಬ್ಬರು ಕೂತಾಗ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಲಿ. ಎಷ್ಟೋ ಮನೆಗಳಲ್ಲಿ ಈ ಸಮಯ ಸಿಗುವುದು ಒಬ್ಬರಿಗೆ ಮಾತ್ರ, ಅದು ನ್ಯಾಯವಲ್ಲ.

ಫೋನ್‌ನಲ್ಲಿ ಬೈಬಲ್ ಓದುವುದು ತಪ್ಪೇನಲ್ಲ. ಆದರೆ ಮೇಲಿನಿಂದ ಒಂದು ಮೆಸೇಜ್ ಇಳಿದರೆ ಕಣ್ಣು ಅತ್ತ ಹೋಗಿಯೇ ಹೋಗುತ್ತದೆ, ಅಲ್ವಾ? ಆದಷ್ಟೂ ಪುಸ್ತಕವನ್ನೇ ಇಟ್ಟುಕೊಳ್ಳಿ. ಅಂದಹಾಗೆ, ಗ್ರೂಪಿನಲ್ಲಿ ಬಂದ ವಾಕ್ಯವನ್ನು ಫಾರ್ವರ್ಡ್ ಮಾಡಿದರೆ ಅದು ಧ್ಯಾನವಾಗುವುದಿಲ್ಲ.

3. ಕಡಿಮೆ ಓದಿ

ಆದಿಕಾಂಡದಿಂದ ಹುರುಪಿನಲ್ಲಿ ಶುರು ಮಾಡಿದವರು ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಡುವುದು ಹೊಸದೇನಲ್ಲ. ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗಾಗಿ ಒಂದು ಓದುವ ಪಟ್ಟಿ ಮಾಡಿದರು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಒಳ್ಳೆಯ ಪಟ್ಟಿ, ಇಂದಿಗೂ ಬಳಕೆಯಲ್ಲಿದೆ. ಆದರೆ ಬಿಡುವೇ ಇಲ್ಲ ಎನ್ನುವವರು ಅಲ್ಲಿಂದ ಶುರು ಮಾಡುವುದು ಬೇಡ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ ಮಾತ್ರ. 119ನೇ ಕೀರ್ತನೆ ಉದ್ದವಾದರೂ ಎಂಟೆಂಟು ವಚನಗಳ 22 ಭಾಗಗಳಾಗಿ ಆಗಲೇ ಹಂಚಿಕೆಯಾಗಿದೆ. ದಿನಕ್ಕೊಂದು ಭಾಗ ಸಾಕು.

4. ಆ ಹದಿನೈದು ನಿಮಿಷ ಏನು ಮಾಡಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಕೂತದ್ದಾಯಿತು, ಮುಂದೇನು? 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೋ ನಾಲ್ಕು ಮೆಟ್ಟಿಲು ಹೇಳಿದರು: ಓದು, ಧ್ಯಾನ, ಪ್ರಾರ್ಥನೆ, ಕೊನೆಗೆ ದೇವರ ಮುಂದೆ ಸುಮ್ಮನಿರುವುದು. ಇದಕ್ಕೆ ಮಠವೇ ಬೇಕೆಂದಿಲ್ಲ.

ಮಾರ್ಕ 4:35–41 ತೆಗೆದುಕೊಳ್ಳಿ. ಏಳೇ ವಚನ. ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದಾರೆ. ಎರಡು ಸಲ ನಿಧಾನವಾಗಿ ಓದಿ, ಎರಡನೇ ಸಲ ದನಿ ತೆಗೆದು. ನಾವು ಮುಳುಗುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಕೇಳುವಲ್ಲಿ ಮನಸ್ಸು ತಡೆದರೆ, ಅಲ್ಲೇ ನಿಲ್ಲಿ. ನಿಮ್ಮ ಬದುಕಿನ ಯಾವ ವಿಷಯದಲ್ಲಿ ನೀವೂ ಹೀಗೆ ಕೇಳಬೇಕೆಂದಿದ್ದೀರಿ? ಸಾಲವೋ, ಕಾಯಿಲೆಯೋ, ಮಾತು ಬಿಟ್ಟ ಮಗನೋ? ಅದನ್ನೇ ಪ್ರಾರ್ಥನೆಯಲ್ಲಿ ಹೇಳಿ. ಶಿಷ್ಯರ ಮಾತಲ್ಲಿ ಸಿಟ್ಟಿತ್ತು. ಯೇಸು ಮೊದಲು ಗಾಳಿಯನ್ನು ಗದರಿಸಿದರು, ಆಮೇಲೆ ಅವರ ಅಪನಂಬಿಕೆಯ ಬಗ್ಗೆ ಕೇಳಿದರು. ನೀವೂ ಮಾತನ್ನು ಅಲಂಕರಿಸಬೇಕಿಲ್ಲ. ಹೇಳಿ ಮುಗಿದ ಮೇಲೆ ಎರಡು ನಿಮಿಷ ಏನನ್ನೂ ಕೇಳದೆ ಕೂತಿರಿ.

ಅಷ್ಟರಲ್ಲಿ ಕಟ್ಟಬೇಕಾದ ಬಿಲ್ಲು ನೆನಪಾಗುತ್ತದೆ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡಿರಿ. ಅದರಲ್ಲಿ ಬರೆದು ಮರೆತುಬಿಡಿ.

5. ನಡುನಡುವೆ ಒಂದು ಮಾತು

ಏನು ಬೇಕೆಂದು ಪರ್ಷಿಯದ ರಾಜ ಕೇಳಿದಾಗ, ಉತ್ತರ ಕೊಡುವ ಮೊದಲು ಅವನ ಪಾನಸೇವಕ ನೆಹೆಮೀಯ ಮನಸ್ಸಿನಲ್ಲೇ ಪ್ರಾರ್ಥಿಸಿದ (ನೆಹೆಮೀಯ 2:4). ಕಷ್ಟದ ಫೋನ್ ಕರೆಗೆ ಮುಂಚೆ ನಿಮಗೂ ಅಷ್ಟು ಸಮಯ ಇರುತ್ತದೆ. ಇದು ಏಕಾಂತಕ್ಕೆ ಬದಲಿ ಅಲ್ಲ. ನೆಹೆಮೀಯ ಅದಕ್ಕೂ ಮೊದಲು ಎಷ್ಟೋ ದಿನ ಉಪವಾಸವಿದ್ದು ಪ್ರಾರ್ಥಿಸಿದ್ದ.

6. ತಪ್ಪಿದ ದಿನ

ತಪ್ಪುತ್ತದೆ. ಮಾರ್ಕನ 6ನೇ ಅಧ್ಯಾಯ ನೋಡಿ. ಊಟಕ್ಕೂ ಪುರುಸೊತ್ತಿಲ್ಲದ ಶಿಷ್ಯರನ್ನು ಯೇಸು ವಿಶ್ರಾಂತಿಗೆಂದು ಏಕಾಂತ ಸ್ಥಳಕ್ಕೆ ಕರೆದುಕೊಂಡು ಹೋದರು. ದೋಣಿ ದಡ ಸೇರುವ ಮೊದಲೇ ಜನ ಅಲ್ಲಿ ನೆರೆದಿದ್ದರು. ಯೇಸು ಕನಿಕರಪಟ್ಟು ಬೋಧಿಸಿದರು, ಐದು ಸಾವಿರ ಗಂಡಸರ ಗುಂಪಿಗೆ ಊಟವನ್ನೂ ಕೊಟ್ಟರು. ಆಮೇಲೆ ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಕಳಿಸಿ, ಪ್ರಾರ್ಥನೆಗೆ ಬೆಟ್ಟ ಹತ್ತಿದರು. ಏಕಾಂತ ತಡವಾಯಿತು, ಆದರೆ ಅದೇ ದಿನ ಆಯಿತು. ಹಾಗಾಗಿ ಬೆಳಗ್ಗೆ ತಪ್ಪಿದರೆ ಸಂಜೆ ಕೂರಿ. ದಿನವೇ ತಪ್ಪಿದರೆ ಸಾಲದ ಕಂತಿನಂತೆ ಬಾಕಿ ಹೊರಬೇಡಿ, ಮರುದಿನ ಎರಡರಷ್ಟು ಓದುವುದೂ ಬೇಡ. ಮರುದಿನದ ಭಾಗದಿಂದಲೇ ಮುಂದುವರಿಸಿ.

ಒಂದು ತಿಂಗಳಾದ ಮೇಲೆ ಹೆಚ್ಚು ಸಲ ತಪ್ಪಿದ್ದು ಯಾಕೆ ಎಂದು ನೋಡಿ. ಗಂಟು ಹಾಕಿದ ಕೆಲಸ ಸರಿಯಿಲ್ಲದಿದ್ದರೆ ಬದಲಿಸಿ. ಇನ್ನು ಕೂಸು ಹುಟ್ಟಿದ ಮನೆ, ಆಸ್ಪತ್ರೆಯಲ್ಲಿ ಯಾರನ್ನೋ ನೋಡಿಕೊಳ್ಳುವವರು, ಇವರಿಗೆ ಹದಿನೈದು ನಿಮಿಷವೂ ಸಿಗದಿರಬಹುದು. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎನ್ನುತ್ತದೆ ಆದಿ ಸಭೆಯ ಒಂದು ಹಳೆಯ ಬರಹ. ಅಂಥ ದಿನಗಳಲ್ಲಿ ಅಷ್ಟನ್ನೇ, ಒಂದೊಂದು ಸಾಲಿಗೂ ಸ್ವಲ್ಪ ನಿಂತು, ನಿಧಾನವಾಗಿ ಹೇಳಿಕೊಳ್ಳಬಹುದು.