ಕಾಕಾನ ಭಜನಿ ಪದ ಸಿಡಿಗೆ ಇಳಿಸಿದ್ದು

ಕಾಕಾನ ಭಜನಿ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಲು ಹೊರಟು, ಮೊದಲನೇ ಸಿಡಿ ರೈಟ್ ಮಾಡಿ ಮುಗಿಸಿದಾಗ ನನಗೆ ಭಾರಿ ಖುಷಿ. ರಾಯಚೂರಿನಿಂದ ಬಸ್ ಹತ್ತಿ ಮಾನ್ವಿ ಕಡೆ ಇರುವ ನಮ್ಮ ಹಳ್ಳಿಗೆ ಹೋಗಿ ಕಾಕಾನ ಪ್ಲೇಯರಿಗೆ ಹಾಕಿದೆ. ಅದು ಒಂದಷ್ಟು ಹೊತ್ತು ಗಿರ್ ಅಂತ ತಿರುಗಿ 'ನೋ ಡಿಸ್ಕ್' ಅಂತ ತೋರಿಸಿ ಸುಮ್ಮನಾಯಿತು. ಕಾಕಾ ನಗಲೂ ಇಲ್ಲ, ಬೈಯಲೂ ಇಲ್ಲ. "ಇದು ನಿನ್ನ ಕಂಪ್ಯೂಟರಿಗೆ ಅಷ್ಟ ಕೇಳಸ್ತೈತೇನಪಾ?" ಅಂದ.

ಇದು 2006ರ ಮಾತು. ನಾನು ಮಾಡಿದ ತಪ್ಪು ಸಣ್ಣದು. ಹಾಡುಗಳನ್ನು ಎಂಪಿ3 ಫೈಲ್ ಮಾಡಿ, ಡೇಟಾ ಸಿಡಿಯಾಗಿ ಬರೆದುಬಿಟ್ಟಿದ್ದೆ. ಕಾಕಾನ ಹಳೇ ಪ್ಲೇಯರಿಗೆ ಫೈಲು, ಫೋಲ್ಡರು ಒಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಡಿಯೋ ಸಿಡಿ ಒಂದೇ. ಒಂದೇ ತಗಡಿನ ಮೇಲೆ ಎರಡು ಬೇರೆ ಬೇರೆ ಬರವಣಿಗೆ ಇರುತ್ತದೆ ಅನ್ನೋದು ನನ್ನ ತಲೆಗೆ ಹೋಗಿದ್ದು ಆವತ್ತು.

ಆಮೇಲೆ ಇನ್ನೊಂದು ಗೊಂದಲ. ಒಂದು ಸಿಡಿಗಾಗುವಷ್ಟು ಪದಗಳನ್ನು ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಫೈಲ್) ಮಾಡಿ ಜೋಡಿಸಿದೆ. ಒಟ್ಟು 78 ನಿಮಿಷ. ಫೋಲ್ಡರ್ ನೋಡಿದರೆ 787 ಎಂಬಿ! ಸಿಡಿ ಮೇಲೆ ಬರೆದಿರುವುದು 700 ಎಂಬಿ. ಹಿಡಿಸಲ್ಲ ಅಂದುಕೊಂಡು ನಾಲ್ಕು ಪದ ತೆಗೆದುಹಾಕಿದೆ. ಸುಮ್ನೆ ತೆಗೆದೆ. ಆಡಿಯೋ ಸಿಡಿಗೆ ಲೆಕ್ಕ ಎಂಬಿಯಲ್ಲಿ ಅಲ್ಲ, ನಿಮಿಷದಲ್ಲಿ. 80 ನಿಮಿಷದೊಳಗೆ ಇದ್ದರೆ ಆಯಿತು. ಕಾರಣ ಇಷ್ಟೇ: ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ಖಾನೆ. ಹಾಡಾದರೆ ಒಂದೊಂದು ಖಾನೆಯಲ್ಲಿ 2352 ಬೈಟ್ ತುಂಬುತ್ತಾರೆ. ಡೇಟಾ ಆದರೆ 2048 ಮಾತ್ರ. ಉಳಿದ ಜಾಗದಲ್ಲಿ ಬಹುಪಾಲು ತಪ್ಪು ತಿದ್ದಿಕೊಳ್ಳುವ ಲೆಕ್ಕಕ್ಕೆ ಹೋಗುತ್ತದೆ. ಹಾಡಿನಲ್ಲಿ ಒಂದು ಚೂರು ತಪ್ಪಾದರೆ ಕಿವಿಗೆ ಗೊತ್ತಾಗದೆ ಹೋಗಬಹುದು. ಫೈಲಿನಲ್ಲಿ ಒಂದು ಅಂಕಿ ತಪ್ಪಿದರೂ ಫೈಲೇ ತೆರೆಯದೆ ಹೋಗಬಹುದು, ಅಲ್ವಾ. ಅದಕ್ಕೇ ಅದೇ 787 ಎಂಬಿ ಆಡಿಯೋ ಸಿಡಿಯಾಗಿ ಕೂತಿತು, ಡೇಟಾ ಸಿಡಿಯಾಗಿ ಬರೆಯಲು ಹೋದರೆ ಜಾಗ ಸಾಲದು ಅಂದಿತು.

ಕ್ಯಾಸೆಟ್ ಇದ್ದದ್ದು ಒಂಬತ್ತು. ಅಮವಾಸ್ಯೆ ರಾತ್ರಿ ಮಠದಲ್ಲಿ ಕಾಕಾನ ಭಜನಿ ಮೇಳ ಹಾಡಿದ ಪದಗಳು. ಹಾರ್ಮೋನಿಯಂ, ತಾಳ, ದಮ್ಮಡಿ, ಏಕತಾರಿ. ಟೂ-ಇನ್-ವನ್ ಅನ್ನು ಗೋಣಿಚೀಲದ ಮೇಲೆ ಇಟ್ಟು ತುಂಬಿಸಿದ್ದು. ಸಿಡಿ ಬರೆಯೋದು ಹತ್ತು ನಿಮಿಷದ ಕೆಲಸ. ನನ್ನ ಎರಡು ತಿಂಗಳು ಹೋಗಿದ್ದು ಅದಕ್ಕೆ ಮುಂಚಿನ ಕೆಲಸಕ್ಕೆ.

ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ವರ್ಷಗಟ್ಟಲೆ ಕೂತ ಟೇಪಿನ ಪುಡಿ ಅದು. ಆದರೂ ತಾಳದ ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗಿತ್ತು. ಹೆಡ್ಡಿನ ಪಕ್ಕ, ಅದರ ಓರೆ ಸರಿಮಾಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕಾಲು ಸುತ್ತಿಗಿಂತ ಕಡಿಮೆ, ಕೂದಲೆಳೆಯಷ್ಟು ತಿರುಗಿಸಿದೆ. ತಾಳ ಒಮ್ಮೆಲೇ ಝಣ್ ಅಂತ ಎದ್ದು ಕೂತಿತು. ಇಡೀ ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟಿದ್ದು ಬೇರೆ ಇಲ್ಲ.

ಇಯರ್‌ಫೋನ್ ತೂತಿನಿಂದ ವೈರ್ ತಂದು ಕಂಪ್ಯೂಟರಿನ ನೀಲಿ ಬಣ್ಣದ ಲೈನ್-ಇನ್‌ಗೆ ಚುಚ್ಚಿದೆ. ಗುಲಾಬಿ ಬಣ್ಣದ್ದು ಮೈಕಿಗೆ. ಅಲ್ಲಿ ಚುಚ್ಚಿದರೆ ದನಿ ಒಡೆದು ಹೋಗುತ್ತದೆ. ಆಡಾಸಿಟಿ ಅನ್ನೋ ದನಿ ತುಂಬುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುವಾಗ ಅಲೆ ಮೇಲಿನ ಅಂಚಿಗೆ ತಾಗದ ಹಾಗೆ ನೋಡಿಕೊಂಡೆ. ಟೇಪಿನ 'ಸ್ಸ್' ಅನ್ನೋ ಸದ್ದು ತೆಗೆಯಲು ಹೋಗಿ ಅತಿ ಮಾಡಿದೆ. ಮೇಳದವರೆಲ್ಲ ಬಾವಿಯ ನೀರೊಳಗೆ ಕೂತು ಹಾಡಿದ ಹಾಗಾಯಿತು. ಅಳಿಸಿ, ಮುಕ್ಕಾಲುಪಾಲು 'ಸ್ಸ್' ಹಾಗೇ ಬಿಟ್ಟೆ. ಒಂದು ಪದದ ಮುಂಚೆ ಯಾರೋ ಜೋರಾಗಿ ಕೆಮ್ಮುತ್ತಾರೆ. ಕತ್ತರಿಸಲಾ ಅಂತ ಕೇಳಿದೆ. "ಅದು ಮುತ್ಯಾನ ಕೆಮ್ಮು, ಇರವಲ್ದ್ಯಾಕ" ಅಂದ ಕಾಕಾ.

90 ನಿಮಿಷದ ಕ್ಯಾಸೆಟ್ 80 ನಿಮಿಷದ ಸಿಡಿಯಲ್ಲಿ ಕೂರಲ್ಲ. ಹಾಗಾಗಿ ಕ್ಯಾಸೆಟ್ ಲೆಕ್ಕ ಬಿಟ್ಟು ಪದಗಳ ಲೆಕ್ಕ ಹಿಡಿದೆ. ಅಲ್ಲೂ ಒಂದು ಎಡವಟ್ಟು. ಭಜನೆಯಲ್ಲಿ ಒಂದು ಪದ ಮುಗಿಯುವ ಮೊದಲೇ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ, ತಾಳ ನಿಲ್ಲಲ್ಲ. ನನ್ನ ಸಿಡಿಯಲ್ಲಿ ಮಾತ್ರ ಎರಡು ಸೆಕೆಂಡ್ ನಿಂತು ನಿಂತು ಹೋಗುತ್ತಿತ್ತು. ಸಿಡಿ ಬರೆಯುವ ನೀರೋ ಸಾಫ್ಟ್‌ವೇರಿನಲ್ಲಿ 'ಟ್ರ್ಯಾಕ್-ಅಟ್-ಒನ್ಸ್' (ಒಂದೊಂದೇ ಹಾಡು ಬರೆಯೋದು) ಇದ್ದದ್ದನ್ನು 'ಡಿಸ್ಕ್-ಅಟ್-ಒನ್ಸ್' (ಇಡೀ ಸಿಡಿ ಒಂದೇ ಸಲ ಬರೆಯೋದು) ಮಾಡಿ, ಹಾಡುಗಳ ನಡುವಿನ ಅಂತರ ಸೊನ್ನೆಗೆ ಇಟ್ಟ ಮೇಲೆ ಸರಿಹೋಯಿತು. ಹೀಗೆ ಬರೆದರೆ ಸಿಡಿ ಕೊನೆಗೆ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚದ ಸಿಡಿ ಮನೆಯ ಪ್ಲೇಯರಿನಲ್ಲಿ ಓಡಲ್ಲ.

ಬರೆಯುವ ವೇಗ ಯಾವಾಗಲೂ 16 (ಹಾಡು ಕೇಳುವ ವೇಗದ 16 ಪಟ್ಟು) ದಾಟಿಸಲಿಲ್ಲ, ಆಡಿಯೋ ಆದರೆ 8. ಡ್ರೈವಿನ ಮೇಲೆ 52 ಅಂತ ದೊಡ್ಡದಾಗಿ ಬರೆದಿದ್ದರು. ಆ ವೇಗ ಬರುವುದು ಸಿಡಿಯ ಹೊರ ಅಂಚಿಗೆ ಮುಟ್ಟಿದಾಗ ಮಾತ್ರ, ಯಾಕಂದರೆ ಬರೆಯೋದು ಒಳಗಿನಿಂದ ಹೊರಗೆ, ಹೊರಗಿನ ಸುತ್ತು ದೊಡ್ಡದು.

ಇನ್ನು ಕರೆಂಟ್. ನಮ್ಮ ಜಿಲ್ಲೆಯ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ 1985ರಿಂದ ಕರೆಂಟ್ ಹುಟ್ಟುತ್ತಿದೆ. ನಮ್ಮ ಓಣಿಯಲ್ಲಿ ಮಾತ್ರ ಸಿಡಿ 90 ಪರ್ಸೆಂಟ್ ಆದಾಗಲೇ ಹೋಗುತ್ತಿತ್ತು. ಕಂಪ್ಯೂಟರ್ ನಿಧಾನವಾದರೆ ಡ್ರೈವ್ ಬರೆಯೋದು ನಿಲ್ಲಿಸಿ ಮತ್ತೆ ಮುಂದುವರಿಸುತ್ತದೆ, ಆ ಕಾಲಕ್ಕೇ ಆ ವ್ಯವಸ್ಥೆ ಬಂದಿತ್ತು. ಕರೆಂಟೇ ಹೋದರೆ ಅದೇನು ಮಾಡೀತು? ಯುಪಿಎಸ್ ತಂದ ಮೇಲೆ ನೆಮ್ಮದಿ.

ಕಾಕಾನಿಗೆ ಆಡಿಯೋ ಸಿಡಿ ಹತ್ತು. ನನಗೆ ಅದೇ ಪದಗಳ ವೇವ್ ಫೈಲು, ಡೇಟಾ ಡಿವಿಡಿಯಲ್ಲಿ, 'ವೆರಿಫೈ' (ಬರೆದದ್ದು ಸರಿಯಾಗಿದೆಯಾ ಅಂತ ತಾಳೆ ನೋಡೋದು) ಮಾಡಿಸಿ ಎರಡೆರಡು ಪ್ರತಿ. ಒಂದು ಸಿಡಿ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಹೆಸರು ಬರೆದಿದ್ದೆ. ಹೊಳೆಯುವ ಕೆಳಮೈಗಿಂತ ಹೆಸರು ಬರೆಯುವ ಮೇಲ್ಮೈಯೇ ನಾಜೂಕು, ಅಲ್ಲಿ ವಾರ್ನಿಶ್‌ನಂಥ ತೆಳು ಲ್ಯಾಕರ್ ಬಿಟ್ಟರೆ ಏನೂ ಇಲ್ಲ. ಈಗ ಅದನ್ನು ಬಲ್ಬಿಗೆ ಹಿಡಿದರೆ ಅಕ್ಷರದ ಗೆರೆಯಲ್ಲೇ ಸಣ್ಣ ಸಣ್ಣ ತೂತು ಕಾಣುತ್ತವೆ. ಕಿಟಕಿಯ ಬಿಸಿಲಲ್ಲಿ ಬಿದ್ದಿದ್ದ ಇನ್ನೊಂದು ಎರಡು ಬೇಸಿಗೆಗೇ ತಡವರಿಸತೊಡಗಿತು. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಎಂಟು ಈಗಲೂ ಓಡುತ್ತವೆ. ಫೈಲುಗಳನ್ನಂತೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೇನೆ.

ರೈಟ್ ಮಾಡುವಾಗ ಕೆಟ್ಟವು ಏಳು ಸಿಡಿ. ಬಿಸಾಕಬೇಡ ಅಂತ ಕಾಕಾ ಎಲ್ಲವನ್ನೂ ಒಯ್ದು, ದಾರ ಕಟ್ಟಿ ಜೋಳದ ಹೊಲದಲ್ಲಿ ತೂಗುಹಾಕಿದ. ಗಾಳಿಗೆ ಫಳಫಳ ಹೊಳೆಯುತ್ತಿದ್ದವು. ಒಂದು ವಾರ ಗುಬ್ಬಿ ಹತ್ತಿರ ಬರಲಿಲ್ಲ, ಆಮೇಲೆ ದಾರದ ಮೇಲೇ ಬಂದು ಕೂತವು.